ಸಿಹಿಮೊಗೆಯ ಊಟದಲ್ಲಿ ಆರು ಋತು

ಮಲೆನಾಡಿನ ಹೆಬ್ಬಾಗಿಲೆಂದು ಕರೆಸಿಕೊಳ್ಳುವ ಶಿವಮೊಗ್ಗೆಯ ಹೆಸರಿನ ಹಿಂದೆ ಎರಡು ಕಥೆಗಳುಂಟು. ‘ಶಿವಮುಖ’ವೇ ಜನರ ಬಾಯಲ್ಲಿ ಶಿವಮೊಗ್ಗೆಯಾಯಿತೆಂಬುದು ಒಂದು. ಇನ್ನೊಂದು ಅಡುಗೆಮನೆಗೆ ಹತ್ತಿರವಾದುದು. ಇಲ್ಲಿ ದೂರ್ವಾಸ ಮಹರ್ಷಿಯ ಆಶ್ರಮವಿತ್ತಂತೆ. ಮುನಿಯು ಕಾಡಿನ ಸೊಪ್ಪುಗಳನ್ನು ಮಣ್ಣಿನ ಮೊಗೆಯಲ್ಲಿ ಕುದಿಸುತ್ತಿದ್ದನಂತೆ. ಆ ಕಷಾಯದ ರುಚಿ ನೋಡಿದ ದನಗಾಹಿಗಳು ಬೆರಗಾಗಿ ‘ಸಿಹಿ ಮೊಗೆ’ ಎಂದು ಕೂಗಿದರಂತೆ. ಇತಿಹಾಸವನ್ನು ಬಲ್ಲವರು ಈ ಕಥೆಯನ್ನು ಒಪ್ಪಲಿ, ಬಿಡಲಿ. ಕೋಪಕ್ಕೆ ಹೆಸರಾದ ಋಷಿಯಿಂದಲೂ ಸಿಹಿಯಾದ ಕಷಾಯವನ್ನೇ ಕಾಯಿಸಿದ ಊರಿಗೆ ಸೊಪ್ಪು, ಮೊಗೆ ಮತ್ತು ಒಲೆ ಈ ಮೂರರ ಮೇಲೆ ಎಷ್ಟು ನಂಬುಗೆಯೆಂಬುದನ್ನಂತೂ ಅದು ಚೆನ್ನಾಗಿ ಹೇಳುತ್ತದೆ.

ಆ ನಂಬುಗೆ ಇಂದು ಎಲ್ಲಿ ಉಳಿದಿದೆಯೆಂದು ನೋಡಬಯಸುವವರು ಕಾಡಿಗೇ ಹೋಗಬೇಕಾಗಿಲ್ಲ. ಊರೊಳಗಿನ ವಿನೋಬನಗರಕ್ಕೆ, ಆಷಾಢದ ಒಂದು ಬೆಳಗ್ಗೆ, ಕೊಡೆ ಹಿಡಿದು ಹೋದರೆ ಸಾಕು.

ಚೌಕಿಯ ಬಳಿಯ ಬುಟ್ಟಿಗಳು

ವಿನೋಬನಗರ ಹಳೆಯ ಪೇಟೆಯಲ್ಲ. ನಗರ ಬೆಳೆದಂತೆ ಬೆಳೆದ ಬಡಾವಣೆ. ೧೯೫೧ರಲ್ಲಿ ಭೂದಾನ ಚಳವಳಿಯನ್ನು ಆರಂಭಿಸಿ, ಹಳ್ಳಿಯಿಂದ ಹಳ್ಳಿಗೆ ನಡೆದು ಭೂಮಿ ಬೇಡಿದ ಆಚಾರ್ಯ ವಿನೋಬಾ ಭಾವೆಯವರ ಹೆಸರನ್ನು ಹೊತ್ತ ಈ ಭಾಗದಲ್ಲಿ ಇಂದು ಹಳ್ಳಿಯ ಭೂಮಿಯನ್ನು ಬಿಟ್ಟುಬಂದವರ ಮಕ್ಕಳು, ಮೊಮ್ಮಕ್ಕಳು ವಾಸಿಸುತ್ತಾರೆ. ಸರಕಾರಿ ನೌಕರರು, ಉಪಾಧ್ಯಾಯರು, ಬ್ಯಾಂಕಿನವರು, ಅಡಿಕೆ ವ್ಯಾಪಾರದವರು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬಗಳ ಮಲೆನಾಡಿನವರು. ಶಿಕಾರಿಪುರ, ಹೊನ್ನಾಳಿ, ಚನ್ನಗಿರಿಗಳ ಬಯಲಿನವರು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಮನೆ, ಗದ್ದೆಗಳನ್ನು ನೀರಿಗೆ ಬಿಟ್ಟು ಬಂದ ಎಷ್ಟೋ ಕುಟುಂಬಗಳು ಶಿವಮೊಗ್ಗೆಯ ಸುತ್ತಮುತ್ತ ನೆಲೆಯೂರಿದವು. ಊರು ಬಿಟ್ಟವರು ಮನೆಯ ಕಂಬಗಳನ್ನು ತರಲಾರರು. ಆದರೆ ನಾಲಗೆಯನ್ನು ಬಿಟ್ಟುಬರಲಾರರು.

ನೂರಡಿ ರಸ್ತೆಯಲ್ಲಿ ಎಲ್ಲ ನಗರಗಳಲ್ಲಿರುವ ಅಂಗಡಿಗಳೇ ಇಲ್ಲಿಯೂ ಇವೆ. ತಂಪುಪೆಟ್ಟಿಗೆಯ ತರಕಾರಿ ಅಂಗಡಿಯಲ್ಲಿ ಹೂಕೋಸು, ಕ್ಯಾರೆಟ್ಟು, ಹುರುಳಿಕಾಯಿಗಳು ಜನವರಿಯಲ್ಲಿಯೂ ಅವೇ, ಜುಲೈಯಲ್ಲಿಯೂ ಅವೇ. ಅಲ್ಲಿ ನಿಂತವನಿಗೆ ತಾನು ಯಾವ ತಿಂಗಳಲ್ಲಿದ್ದೇನೆಂದು ತಿಳಿಯದು. ಪೊಲೀಸ್ ಚೌಕಿಯ ಆಸುಪಾಸಿನಲ್ಲಿ ಬೀದಿಯ ಬದಿಗೆ ಗೋಣಿ ಹಾಸಿ, ಪ್ಲಾಸ್ಟಿಕ್ ಹೊದಿಕೆಯಡಿ ಬುಟ್ಟಿ ಇಟ್ಟು ಕುಳಿತ ಹೆಂಗಸರ ಮುಂದೆ ನಿಂತರೆ ಮಾತ್ರ ತಿಂಗಳು ಮಾತ್ರವಲ್ಲ, ಯಾವ ಮಳೆ ನಡೆಯುತ್ತಿದೆಯೆಂಬುದೂ ತಿಳಿಯುತ್ತದೆ. ಬಾಳೆಯ ನಾರಿನಿಂದ ಕಟ್ಟಿದ ಕೆಸುವಿನ ಎಲೆಯ ಸೂಡಿ, ಸಿಪ್ಪೆ ಸುಲಿದ ದಂತದ ಬಣ್ಣದ ಕಳಲೆ, ಗದ್ದೆಯ ಬದುವಿನ ಒಂದೆಲಗ, ಮೊದಲ ಮಳೆಗೆ ಎದ್ದ ಚಗಚೆ ಸೊಪ್ಪು, ಮಣ್ಣಿನ ವಾಸನೆ ಆರದ ಅಣಬೆ. ಇವು ಯಾವ ತಂಪುಪೆಟ್ಟಿಗೆಯನ್ನೂ ಕಂಡವಲ್ಲ. ಬಸ್ಸಿನ ಮೇಲೇರಿ ಬಂದವು, ಸಂಜೆಯೊಳಗೆ ಮುಗಿಯತಕ್ಕವು.

ಬಯಲುಸೀಮೆಯಿಂದ ಮದುವೆಯಾಗಿ ಬಂದ ಗೃಹಿಣಿಯೊಬ್ಬಳು ಕೆಸುವಿನ ಸೂಡಿಯನ್ನು ಎತ್ತಿ ನೋಡಿ, ಅನುಮಾನದಿಂದ ಕೇಳುತ್ತಾಳೆ:

“ಏನಜ್ಜಿ, ಹೋದ ವಾರ ತಗೊಂಡುಹೋದದ್ದು ಗಂಟಲೆಲ್ಲ ತುರಿಸಿಬಿಡ್ತಲ್ಲ!”

“ಹುಳಿ ಕಮ್ಮಿ ಆಗಿರ್ಬೇಕು ಅಮ್ಮಾ. ಹುಳಿ ಸಮಾ ಹಾಕಿ, ಹಬೇಲಿ ಚೆನ್ನಾಗಿ ಬೇಯ್ಲಿ, ಏನೂ ಆಗಲ್ಲ. ಬಿಸಿ ಇದ್ದಾಗ್ಲೇ ಮಕ್ಳಿಗೆ ಕೊಡಿ. ಈ ಮಳೇಲಿ ಆರಿದ್ದು ತಿನ್ನಬಾರ್ದು.”

ಅಜ್ಜಿ ಹೇಳಿದ್ದು ನಾಲ್ಕು ಮಾತು. ವೈದ್ಯಶಾಸ್ತ್ರದ ಒಂದು ಅಧ್ಯಾಯವೇ ಆ ನಾಲ್ಕು ಮಾತಿನಲ್ಲಿ ಅಡಗಿದೆಯೆಂಬುದು ಅವಳಿಗೂ ಗೊತ್ತಿಲ್ಲ, ಕೇಳಿದವಳಿಗೂ ಗೊತ್ತಿಲ್ಲ.

ಗ್ರಂಥದ ಋತು, ಮಳೆಯ ಋತು

ಕಾಲಕ್ಕೆ ತಕ್ಕ ಊಟವನ್ನು ಆಯುರ್ವೇದವು ‘ಋತುಚರ್ಯೆ’ ಎಂದು ಕರೆಯುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ, ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ ಮೂರನೆಯ ಅಧ್ಯಾಯ ಇದಕ್ಕೇ ಮೀಸಲು. ವರ್ಷವನ್ನು ಅವರು ಎರಡು ಭಾಗ ಮಾಡಿದರು. ಶಿಶಿರ, ವಸಂತ, ಗ್ರೀಷ್ಮಗಳಲ್ಲಿ ಸೂರ್ಯನು ನೆಲದ ಸಾರವನ್ನೂ ಮನುಷ್ಯನ ಬಲವನ್ನೂ ಹೀರಿಕೊಳ್ಳುತ್ತಾನೆ, ಇದು ಆದಾನಕಾಲ. ವರ್ಷ, ಶರತ್, ಹೇಮಂತಗಳಲ್ಲಿ ಚಂದ್ರನು ಅದನ್ನು ಹಿಂದಕ್ಕೆ ಕೊಡುತ್ತಾನೆ, ಇದು ವಿಸರ್ಗಕಾಲ. ತೆಗೆದುಕೊಳ್ಳುವುದೂ ಕೊಡುವುದೂ ನಡೆದಂತೆ ಹೊಟ್ಟೆಯೊಳಗಿನ ಅಗ್ನಿಯೂ ಏರಿಳಿಯುತ್ತದೆ. ಚಳಿಗಾಲದಲ್ಲಿ ಅದು ಪ್ರಬಲ. ಆಗ ಎಣ್ಣೆ, ತುಪ್ಪ, ಸಿಹಿ, ಗಟ್ಟಿ ಪದಾರ್ಥಗಳು ಅರಗುತ್ತವೆ. ವಸಂತದಲ್ಲಿ ಕಫ ಕರಗಿ ಹರಿಯುವುದರಿಂದ ಕಹಿ, ಖಾರ, ಒಗರುಗಳು ಬೇಕು. ಜಿಡ್ಡು ಬೇಡ, ಹಗಲು ನಿದ್ದೆ ಬೇಡ. ಗ್ರೀಷ್ಮದಲ್ಲಿ ತಂಪು, ಸಿಹಿ, ದ್ರವ. ಮಳೆಗಾಲದಲ್ಲಿ ಅಗ್ನಿ ಬಲು ಮಂದ. ಹಳೆಯ ಧಾನ್ಯ, ಬಿಸಿ ಸಾರು, ಕಾಯಿಸಿದ ನೀರು, ಮಿತವಾದ ಹುಳಿ ಮತ್ತು ಉಪ್ಪು. ಶರತ್ಕಾಲದ ಬಿಸಿಲಿಗೆ ಪಿತ್ತ ಕೆರಳುವುದರಿಂದ ಕಹಿ, ತುಪ್ಪ ಬೇಕು, ಮೊಸರು ವರ್ಜ್ಯ.

ವಾಗ್ಭಟನು ಇನ್ನೂ ಒಂದು ಸೂಕ್ಷ್ಮವನ್ನು ಹೇಳಿದ್ದಾನೆ. ಹೋಗುವ ಋತುವಿನ ಕೊನೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ, ಒಟ್ಟು ಹದಿನಾಲ್ಕು ದಿನಗಳು ಋತುಸಂಧಿ. ಹಳೆಯ ಊಟವನ್ನು ಆಗ ಮೆಲ್ಲಮೆಲ್ಲಗೆ ಬಿಡಬೇಕು, ಹೊಸದನ್ನು ಮೆಲ್ಲಮೆಲ್ಲಗೆ ಹಿಡಿಯಬೇಕು. ಬೇಸಗೆಯ ನಡುವೆ ಒಂದು ದಿನ ಮಳೆ ಬಿದ್ದೊಡನೆ ಎಣ್ಣೆಯ ಬಾಣಲೆಯನ್ನು ಒಲೆಗೇರಿಸುವವರು ಈ ಮಾತನ್ನು ಗಮನಿಸಬೇಕು.

ಕನ್ನಡಿಗರಿಗೂ ಈ ವಿದ್ಯೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೈದ್ಯದ ಜೊತೆಗೆ ಪಾಕವಿದ್ಯೆಯೂ ಉಂಟು. ಹದಿನಾರನೆಯ ಶತಮಾನದ ಮಂಗರಸನು ಅಡುಗೆಗೆಂದೇ ‘ಸೂಪಶಾಸ್ತ್ರ’ವನ್ನು ಬರೆದನು. ಶಿವಮೊಗ್ಗೆಯ ಸೀಮೆಯನ್ನಾಳಿದ ಕೆಳದಿಯ ಬಸವರಾಜನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಲ್ಲಿಯೂ ಪಾಕಶಾಸ್ತ್ರಕ್ಕೆ ಸ್ಥಾನವಿದೆ. ಅರಸನೊಬ್ಬ ರಾಜನೀತಿಯ ಜೊತೆಗೆ ಪಾಕವನ್ನೂ ಶಾಸ್ತ್ರವೆಂದು ಎಣಿಸಿದ ನಾಡು ಇದು.

ಆದರೆ ಗ್ರಂಥಕ್ಕೂ ನೆಲಕ್ಕೂ ಒಂದು ಸಣ್ಣ ವ್ಯಾಜ್ಯವಿದೆ. ಪಂಚಾಂಗದ ಪ್ರಕಾರ ಜ್ಯೇಷ್ಠ, ಆಷಾಢಗಳು ಗ್ರೀಷ್ಮಋತು. ತಂಪಾದುದನ್ನು ಕುಡಿಯಬೇಕಾದ ಕಾಲ. ಆಷಾಢದಲ್ಲಿ ಮಲೆನಾಡಿಗೆ ಬಂದು ತಂಪು ಪಾನಕ ಕೇಳಿದವನನ್ನು ಜನ ವಿಚಿತ್ರವಾಗಿ ನೋಡಿಯಾರು! ಆ ಹೊತ್ತಿಗೆ ಇಲ್ಲಿ ಒಲೆಯ ಮುಂದಿನ ಜಾಗಕ್ಕೆ ಮನೆಮಂದಿ ಜಗಳವಾಡುತ್ತಿರುತ್ತಾರೆ. ಶಿವಮೊಗ್ಗೆಯಿಂದ ಸುಮಾರು ೯೦ ಕಿಲೋಮೀಟರ್ ದೂರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ ೭,೦೦೦ ಮಿಲಿಮೀಟರನ್ನು ಮೀರುತ್ತದೆ. ಶಿವಮೊಗ್ಗೆಯಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ಒಂದೇ ಜಿಲ್ಲೆ, ಒಂದೇ ಪಂಚಾಂಗ. ಆದರೆ ಒಂದೇ ಗ್ರೀಷ್ಮವೆಲ್ಲಿ ಬಂತು?

ಹಳಬರಿಗೂ ಈ ತೊಡಕು ಗೊತ್ತಿತ್ತು. ಸುಶ್ರುತನು ಒಂದೆಡೆ ಶಿಶಿರವನ್ನು ಬಿಟ್ಟು, ಮಳೆಗಾಲವನ್ನು ಎರಡಾಗಿ ಒಡೆದು ಆಷಾಢ ಶ್ರಾವಣಗಳಿಗೆ ‘ಪ್ರಾವೃಟ್’ ಎಂಬ ಬೇರೆ ಋತುವನ್ನೇ ಹೇಳಿದ್ದಾನೆ. ಮಲೆನಾಡಿನ ರೈತನಂತೂ ಆರು ಋತುಗಳ ಲೆಕ್ಕವನ್ನೇ ಬಿಟ್ಟು ಮಳೆ ನಕ್ಷತ್ರಗಳನ್ನು ಹಿಡಿದ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಯಾವ ಮಳೆಗೆ ಸಸಿ ನಾಟಿ, ಯಾವ ಮಳೆಗೆ ಕಳಲೆ, ಯಾವ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಏರುವುದೆಂಬುದು ಅವನಿಗೆ ಕಂಠಪಾಠ. ಶಾಸ್ತ್ರ ಹೇಳಿದ ತತ್ತ್ವವನ್ನು ಇಟ್ಟುಕೊಂಡು ದಿನಾಂಕವನ್ನು ನೆಲದಿಂದ ಪಡೆದದ್ದೇ ಇಲ್ಲಿಯ ಋತುಚರ್ಯೆ.

ಚೀನದ ಹೆಂಗಸೂ ಇದನ್ನೇ ಮಾಡುತ್ತಾಳೆ

ಈ ಎಚ್ಚರ ನಮ್ಮದೊಬ್ಬರದೇ ಎಂದು ಬೀಗಬೇಕಾಗಿಲ್ಲ. ಚೀನದವರ ವೈದ್ಯಕ್ಕೆ ಮೂಲಗ್ರಂಥವೆನಿಸಿದ, ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ‘ಹಳದಿ ಚಕ್ರವರ್ತಿಯ ಅಂತರಂಗ ಗ್ರಂಥ’ವು ಋತುವಿಗೆ ತಕ್ಕಂತೆ ಮಲಗುವ, ಏಳುವ, ಬದುಕುವ ಬಗೆಯನ್ನು ವಿವರಿಸುತ್ತದೆ. ಅವರು ವರ್ಷವನ್ನು ಇಪ್ಪತ್ತನಾಲ್ಕು ಸೌರಸಂಧಿಗಳಾಗಿ ಒಡೆದಿದ್ದಾರೆ. ಒಂದೊಂದಕ್ಕೆ ಸುಮಾರು ಹದಿನೈದು ದಿನ. ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆ ಈ ಕಾಲಗಣನೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ರೈತನ ಮಳೆ ನಕ್ಷತ್ರಗಳು ಹದಿನಾಲ್ಕು ದಿನಕ್ಕೆ ಬದಲಾಗುವುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಇನ್ನೊಂದು ಹೋಲಿಕೆ ಹೆಚ್ಚು ರುಚಿಯಾದುದು. ಚೀನೀ ವೈದ್ಯರು ನಾಲ್ಕು ಋತುಗಳ ನಡುವೆ ‘ದೀರ್ಘ ಗ್ರೀಷ್ಮ’ವೆಂಬ ಐದನೆಯ ಕಾಲವೊಂದನ್ನು ಎಣಿಸುತ್ತಾರೆ. ಅದರ ದೋಷ ‘ತೇವ’. ಗೋಡೆಗೆ ಬೂಷ್ಟು ಹಿಡಿಯುವಂತೆ ಈ ತೇವವು ದೇಹಕ್ಕೂ ಹಿಡಿದು ಜೀರ್ಣಶಕ್ತಿಯನ್ನು ಕುಗ್ಗಿಸುತ್ತದೆಂದು ಅವರ ಎಣಿಕೆ. ಹೆಚ್ಚು ಮಳೆಯ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ತಾಯಂದಿರು ಆಗ ಬಾರ್ಲಿಯಂತೆ ಕಾಣುವ ಒಂದು ಕಾಳನ್ನು ಬೂದುಗುಂಬಳದ ಹೋಳುಗಳ ಜೊತೆ ಬಹಳ ಹೊತ್ತು ಕುದಿಸಿ ತಿಳಿಸಾರು ಮಾಡಿ ಮಕ್ಕಳಿಗೆ ಕುಡಿಸುತ್ತಾರೆ. ಅದೇ ಹೊತ್ತಿಗೆ ವಿನೋಬನಗರದ ತಾಯಿ ಹುರುಳಿಕಟ್ಟಿನ ಸಾರನ್ನೋ, ಜೀರಿಗೆ, ಕೊತ್ತಂಬರಿ, ಮೆಣಸು, ಶುಂಠಿಗಳ ಕಷಾಯವನ್ನೋ ಮಾಡುತ್ತಿರುತ್ತಾಳೆ. ಅವರು ‘ತೇವ’ ಎನ್ನುತ್ತಾರೆ, ಇವರು ‘ಅಗ್ನಿಮಾಂದ್ಯ’ ಎನ್ನುತ್ತಾರೆ. ಎರಡೂ ಬೇರೆಬೇರೆ ಶಾಸ್ತ್ರಗಳೇ. ಒಂದರ ಮಾತನ್ನು ಇನ್ನೊಂದಕ್ಕೆ ಅಂಟಿಸುವುದು ಸರಿಯಲ್ಲ. ಆದರೆ ಎಡೆಬಿಡದ ಮಳೆಯಲ್ಲಿ ಮನೆಯವರ ಹೊಟ್ಟೆಯನ್ನು ನೋಡಿಕೊಂಡ ಹೆಂಗಸರ ಅನುಭವ ಎರಡೂ ಕಡೆ ಒಂದೇ ಪಾತ್ರೆಯ ಬಳಿಗೆ ಬಂದು ನಿಂತಿತು.

ತಿನ್ನುವುದಲ್ಲ, ತಿನ್ನುವಂತೆ ಮಾಡುವುದು

ನೆಲವು ಆಯಾ ಕಾಲದಲ್ಲಿ ಕೊಟ್ಟದ್ದನ್ನು ತಿಂದರಾಯಿತು, ಅದೇ ಋತುಚರ್ಯೆ ಎಂದು ಹೇಳುವವರುಂಟು. ಮಾತು ಇಂಪಾಗಿದೆ, ಆದರೆ ಮಲೆನಾಡಿನ ಮಟ್ಟಿಗೆ ಅಷ್ಟು ಸುಲಭವಲ್ಲ. ಮಳೆಗಾಲದಲ್ಲಿ ಈ ನೆಲ ಕೊಡುವ ಎರಡು ಮುಖ್ಯ ಪದಾರ್ಥಗಳನ್ನು ಹಾಗೆಯೇ ಬಾಯಿಗಿಡುವಂತಿಲ್ಲ.

ಮೊದಲನೆಯದು ಕೆಸು. ಅದರ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಗಳಂತಹ ಆಕ್ಸಲೇಟ್ ಹರಳುಗಳಿವೆ. ಸರಿಯಾಗಿ ಬೇಯದಿದ್ದರೆ ಅವು ನಾಲಗೆಯನ್ನೂ ಗಂಟಲನ್ನೂ ಚುಚ್ಚುತ್ತವೆ. ಗೃಹಿಣಿಯ ದೂರಿಗೆ ಕಾರಣವಾದದ್ದು ಇದೇ. ಅಕ್ಕಿಯನ್ನು ನೆನೆಹಾಕಿ, ಕೊತ್ತಂಬರಿ, ಒಣಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲಗಳೊಡನೆ ಗಟ್ಟಿಯಾಗಿ ರುಬ್ಬಿ, ಎಲೆಯ ಹಿಂಬದಿಗೆ ಬಳಿದು, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಕೊಯ್ದು, ಎಣ್ಣೆಯಲ್ಲಿ ಕೆಂಪಗೆ ಹುರಿದಾಗ ಅದು ಪತ್ರೊಡೆ. ಹುಳಿ, ಹಬೆ, ಎಣ್ಣೆ ಮೂರೂ ಸೇರಿ ತುರಿಕೆಯನ್ನು ಗೆಲ್ಲುತ್ತವೆ. ಮರದ ಮೇಲೆ ಬೆಳೆಯುವ ಮರಗೆಸು ಸಿಕ್ಕಿತೆಂದರೆ ಮನೆಯಲ್ಲಿ ಅಂದು ಹಬ್ಬ.

ಎರಡನೆಯದು ಕಳಲೆ, ಬಿದಿರಿನ ಎಳೆಯ ಮೊಳಕೆ. ಹಸಿಯಾಗಿ ತಿಂದರೆ ಅದು ವಿಷ. ಅದರೊಳಗಿನ ಒಂದು ಪದಾರ್ಥದಿಂದ ಸೈನೈಡು ಹೊರಡುತ್ತದೆ. ಇದು ರಸಾಯನಶಾಸ್ತ್ರ ಹುಟ್ಟುವ ಮೊದಲೇ ಮಲೆನಾಡಿನ ಅಜ್ಜಿಯರಿಗೆ ಹೇಗೆ ತಿಳಿಯಿತೋ, ಅವರು ಕಳಲೆಯನ್ನು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸುವ ಕ್ರಮವನ್ನು ಕಂಡುಕೊಂಡರು. ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಟ್ಟು ಮೆಳೆ ಮೆಳೆಯೇ ಸಾಯುತ್ತದೆ. ಆಗ ಬಿದಿರಕ್ಕಿ ಉಂಟು, ಮುಂದೆ ಎಷ್ಟೋ ವರ್ಷ ಕಳಲೆಯಿಲ್ಲ. ಕಾಯುವುದೂ ಋತುಚರ್ಯೆಯ ಒಂದು ಭಾಗವೇ.

ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು, ಮೇಲೆ ಮೆಂತ್ಯದ ಗಂಜಿ ಉಣ್ಣುತ್ತಾರೆ. ಕೊಡಗಿನಲ್ಲಿ ಆಗಸ್ಟ್ ೩ರ ಸುಮಾರಿಗೆ, ಕಕ್ಕಡ ಮಾಸದ ಹದಿನೆಂಟನೆಯ ದಿನ, ಮದ್ದುಸೊಪ್ಪಿನ ರಸದಿಂದ ಕಡುನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಆ ಸೀಮೆಗಳಿಂದ ಬಂದು ಶಿವಮೊಗ್ಗೆಯಲ್ಲಿ ನೆಲೆಸಿದವರೂ ಈ ದಿನಗಳನ್ನು ಮರೆಯರು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಮರವನ್ನು ಗುರುತಿಸಲಾರದೆ, ಪಾಲೆಯೆಂದು ಬೇರೆ ಮರದ ತೊಗಟೆಯನ್ನು ಕುಡಿದು ಪ್ರಾಣಾಪಾಯಕ್ಕೆ ಸಿಲುಕಿದ ಪ್ರಸಂಗಗಳೂ ಉಂಟು. ಬಲ್ಲವರ ಕೈಯಿಂದ ಬಂದದ್ದು ಮದ್ದು, ಅರಿಯದವರ ಕೈಯಿಂದ ಬಂದದ್ದು ವಿಷ. ಸೊಪ್ಪು ಉಳಿದು ಸೊಪ್ಪಿನ ತಿಳಿವಳಿಕೆ ಅಳಿದರೆ ಏನಾಗುವುದೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಹಬ್ಬದ ಎಲೆಯ ಮೇಲೆ

ಮಳೆ ಹಿಂದೆಗೆದು ಬಿಸಿಲು ಚುರುಗುಟ್ಟುವಾಗ ಶರತ್ಕಾಲ. ಆಶ್ವಯುಜದ ಹುಣ್ಣಿಮೆಗೆ ಮಲೆನಾಡಿನಲ್ಲಿ ಭೂಮಿಹುಣ್ಣಿಮೆ. ಗದ್ದೆಯ ಪೈರು ತೆನೆಕಟ್ಟುವ ಹೊತ್ತು. ಅಂದರೆ ಭೂಮಿ ಗರ್ಭಿಣಿ. ಬಸುರಿಗೆ ಬಯಕೆಯೂಟ ಬಡಿಸುವಂತೆ ರೈತರ ಮನೆಯವರು ರಾತ್ರಿಯೆಲ್ಲ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಬಡಿಸುತ್ತಾರೆ. ಹಲವು ಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಚರಗವನ್ನು ಹೊಲದ ತುಂಬ ಬೀರುತ್ತಾರೆ. ವಿನೋಬನಗರದಲ್ಲಿ ಗದ್ದೆಯಿಲ್ಲ; ಆದರೆ ಆ ಹುಣ್ಣಿಮೆಯ ಹಿಂದಿನ ಸಂಜೆ ಊರಿಗೆ ಹೋಗುವ ಬಸ್ಸುಗಳಲ್ಲಿ ಈ ಬಡಾವಣೆಯ ಮಂದಿ ಕಾಣುತ್ತಾರೆ. ಸೊಪ್ಪನ್ನು ಹೆಸರು ಹಿಡಿದು ಗುರುತಿಸಲು ವರ್ಷಕ್ಕೊಮ್ಮೆ ಮಕ್ಕಳಿಗೆ ಒದಗುವ ಪಾಠಶಾಲೆ ಅದು.

ಇದೇ ಕಾಲದ ಚಾತುರ್ಮಾಸ್ಯದಲ್ಲಿ ವ್ರತನಿಷ್ಠರ ಮನೆಗಳಲ್ಲಿ ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಬೇಳೆಯಿಲ್ಲ. ಬೀದಿಯ ಒಂದು ಮನೆಯಲ್ಲಿ ಪತ್ರೊಡೆಯ ಹಬೆ ಏಳುತ್ತಿರುವಾಗ ಪಕ್ಕದ ಮನೆಯಲ್ಲಿ ಶಾಕವ್ರತ. ಒಂದು ಮನೆಯಲ್ಲಿ ಗದ್ದೆಯ ಏಡಿಯ ಸಾರಾದರೆ ಎದುರುಮನೆಯಲ್ಲಿ ಬೆಳ್ಳುಳ್ಳಿಯೂ ಇಲ್ಲ. ಕಾಲಕ್ಕೆ ತಕ್ಕ ಊಟವೆಂದರೆ ಎಲ್ಲರಿಗೂ ಒಂದೇ ಊಟವೆಂದಲ್ಲ. ಏನನ್ನು ಯಾವಾಗ ಬಿಡಬೇಕೆಂದು ಪ್ರತಿಯೊಂದು ಮನೆಯೂ ತನ್ನದೇ ಒಂದು ಕಟ್ಟುಪಾಡನ್ನು ಇಟ್ಟುಕೊಂಡಿದೆಯೆಂದು ಮಾತ್ರ.

ಹೇಮಂತದ ಧನುರ್ಮಾಸದಲ್ಲಿ ನಸುಕಿನಲ್ಲೇ ಪೂಜೆ, ಆಮೇಲೆ ಮೆಣಸು, ಶುಂಠಿ, ತುಪ್ಪ ಬೆರೆತ ಬಿಸಿ ಹುಗ್ಗಿ. ಚಳಿಯಲ್ಲಿ ಅಗ್ನಿ ಪ್ರಬಲವಾದ್ದರಿಂದ ಬೆಳಗ್ಗೆ ಬೇಗನೆ ಗಟ್ಟಿಯಾಗಿ ಉಣ್ಣಬೇಕೆಂಬ ಶಾಸ್ತ್ರಕ್ಕೂ ದೇವರ ನೈವೇದ್ಯಕ್ಕೂ ಇಲ್ಲಿ ಬಿಗಿಯಾದ ಸ್ನೇಹ. ಭದ್ರಾ ನಾಲೆಯ ನೀರುಂಡ ಭದ್ರಾವತಿಯ ಕಡೆಯ ಕಬ್ಬು, ಆಲೆಮನೆಯ ಬಿಸಿ ಜೋನಿಬೆಲ್ಲ ಈ ಕಾಲದವು. ಸಂಕ್ರಾಂತಿಗೆ ಎಳ್ಳು, ಕೊಬ್ಬರಿ, ಕಡಲೆಕಾಯಿ, ಬೆಲ್ಲ. ಒಣಗಿ ಬಿರಿಯುವ ಚರ್ಮಕ್ಕೆ ಬೇಕಾದ ಜಿಡ್ಡೆಲ್ಲ ಒಂದು ಹಿಡಿಯಲ್ಲಿ. ಯುಗಾದಿಗೆ ಬೇವು, ವಸಂತಕ್ಕೆ ಶಾಸ್ತ್ರ ಹೇಳಿದ ಕಹಿಯ ಮೊದಲ ತುತ್ತು. ರಾಮನವಮಿಗೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಅಲ್ಲಿಂದ ಮುಂದೆ ಒಂದೆಲಗ, ದೊಡ್ಡಪತ್ರೆ, ಮೆಂತ್ಯಗಳ ತಂಬುಳಿ, ಮುರುಗಲ ಹಣ್ಣಿನ ಪಾನಕ. ಹಬ್ಬದ ಪಟ್ಟಿಯನ್ನು ಬದಿಗಿಟ್ಟು ಎಲೆಯ ಮೇಲಿನ ಪದಾರ್ಥಗಳನ್ನಷ್ಟೇ ಓದುತ್ತ ಹೋದರೂ ವಾಗ್ಭಟನ ಮೂರನೆಯ ಅಧ್ಯಾಯದ ಬಹುಭಾಗ ಮುಗಿದಂತೆ.

ಬೇಸಗೆಯ ದುಡಿಮೆ, ಮಳೆಗಾಲದ ಊಟ

ಗ್ರಂಥಗಳು ಹೇಳದ ಒಂದು ಮಾತನ್ನು ಮಾತ್ರ ಮಲೆನಾಡು ತಾನೇ ಕಲಿಯಿತು. ಮಳೆಗಾಲದ ಊಟವನ್ನು ಮಳೆಗಾಲದಲ್ಲಿ ಮಾಡಲಾಗದು. ಅದನ್ನು ಬೇಸಗೆಯಲ್ಲಿಯೇ ಮಾಡಿಡಬೇಕು.

ಹೊಳೆದಂಡೆಯ ಅಪ್ಪೆಮರಗಳಿಂದ ಎಳೆಯ ಮಿಡಿಯನ್ನು ಕೊಯ್ದು ಉಪ್ಪಿನಲ್ಲಿ ಹಾಕುವುದು ಬೇಸಗೆಯ ಮೊದಲಲ್ಲಿ. ಬಲಿತ ಹಲಸಿನಕಾಯಿಯ ತೊಳೆಯನ್ನು ಬೇಯಿಸಿ, ಕುಟ್ಟಿ, ಒತ್ತಿ, ಚಾಪೆಯ ಮೇಲೆ ಹಪ್ಪಳ ಒಣಗಿಸುವುದು ಬೇಸಗೆಯ ನಡುವೆ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮೂಲೆಗೆ ಒಟ್ಟುವುದು, ಮುರುಗಲ ಸಿಪ್ಪೆಯನ್ನು ಒಣಗಿಸಿ ಡಬ್ಬಿಗೆ ತುಂಬುವುದು, ವಾಟೆಹುಳಿಯನ್ನು ಹೆಚ್ಚಿ ಬಿಸಿಲಿಗೆ ಹಾಕುವುದು, ಮೊಗೆಕಾಯಿಗಳನ್ನು ಒಂದೊಂದಾಗಿ ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕುವುದು, ಇವೆಲ್ಲ ಮೃಗಶಿರಾ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಹೊರಗೆ ಕಾಲಿಡಲಾಗದ ಮಳೆಯ ದಿನ ಅಟ್ಟದಿಂದ ಒಂದು ಮೊಗೆಕಾಯಿ ಕೆಳಗಿಳಿಯುತ್ತದೆ. ಮಣ್ಣು ಬಳಿದ ಬೀಜ ಕೆಂಡಕ್ಕೆ ಬೀಳುತ್ತದೆ. ಭರಣಿಯ ಬಾಯಿ ಬಿಚ್ಚುತ್ತದೆ. ಉಣ್ಣುವವನಿಗೆ ಅದು ಇಂದಿನ ಊಟ. ಮಾಡಿದವಳಿಗೆ ಮೂರು ತಿಂಗಳ ಹಿಂದಿನ ಬಿಸಿಲು.

ಒಂದು ಋತುವಿನ ಬೆವರು ಇನ್ನೊಂದು ಋತುವಿನ ತುತ್ತಾಗುವ ಈ ಸರಪಳಿಯೇ ಮಲೆನಾಡಿನ ಋತುಚರ್ಯೆಯ ಜೀವಾಳ. ನಗರದಲ್ಲಿ ಮೊದಲು ಕಳಚುವ ಕೊಂಡಿಯೂ ಇದೇ. ಮೂವತ್ತು ನಲವತ್ತರ ನಿವೇಶನದಲ್ಲಿ ಅಟ್ಟವೆಲ್ಲಿ? ಅಂಗಳವೆಲ್ಲಿ? ಮಹಡಿಯ ಮೇಲಿನ ತಾರಸಿಯಲ್ಲಿ ಹಪ್ಪಳ ಹರವಬಹುದು. ಆದರೆ ಕಾಗೆ ಕಾಯಲು ಮಕ್ಕಳಿಲ್ಲ, ಅವರಿಗೆ ಬೇಸಗೆ ಶಿಬಿರ. ಗಂಡಹೆಂಡಿರಿಬ್ಬರೂ ಬೆಳಗ್ಗೆ ಕಛೇರಿಗೆ ಹೊರಟಮೇಲೆ ಮೂರು ದಿನ ಕಳಲೆಯ ನೀರು ಬದಲಿಸುವವರು ಯಾರು? ಈ ಕೆಲಸವೆಲ್ಲ ಹಿಂದೆ ಹೆಂಗಸರ ಹೆಗಲಿನ ಮೇಲೆಯೇ ಇತ್ತೆಂಬುದನ್ನೂ ಮರೆಯಬಾರದು. ಹಳೆಯ ಊಟವನ್ನು ಹಾಡಿಹೊಗಳುವ ಗಂಡಸರಲ್ಲಿ ರುಬ್ಬುವ ಕಲ್ಲಿನ ಮುಂದೆ ಕುಳಿತವರು ಎಷ್ಟು ಮಂದಿ?

ಸರಪಳಿಯ ಇನ್ನೊಂದು ತುದಿ ಹಳ್ಳಿಯಲ್ಲಿದೆ, ಅದೂ ಸವೆಯುತ್ತಿದೆ. ಭತ್ತದ ಗದ್ದೆಗಳು ಅಡಿಕೆಯ ತೋಟಗಳಾಗುತ್ತಿವೆ, ಶುಂಠಿಯ ಹೊಲಗಳಾಗುತ್ತಿವೆ. ಗದ್ದೆ ಹ���ದರೆ ಬದು ಹೋಯಿತು. ಬದು ಹೋದರೆ ಒಂದೆಲಗ ಹೋಯಿತು. ಉಳಿದ ಕಡೆ ಕಳೆನಾಶಕ ಸಿಂಪಡಿಸಿದಾಗ ಚಗಚೆಯೂ ಕಳೆಯೇ. ಹೆಚ್ಚು ಮಿಡಿಯ ಆಸೆಗೆ ಅಪ್ಪೆಮರದ ಕೊಂಬೆಯನ್ನೇ ಕಡಿಯುವವರುಂಟು. ಮೊಟ್ಟೆಯಿಡಲು ಏರಿಬರುವ ಹತ್ತುಮೀನನ್ನು ಒಂದೂ ಬಿಡದೆ ಬಾಚಿದರೆ ಮರುವರ್ಷ ಏರಿಬರುವುದೇನು? ಕಳಲೆಯನ್ನು ರಕ್ಷಿತಾರಣ್ಯದಿಂದ ಕೀಳುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಬೇಲಿಯ ಬಿದಿರೇ ಮಾರುಕಟ್ಟೆಗೆ ಆಧಾರವಾಗಬೇಕು. ಚೌಕಿಯ ಬಳಿಯ ಬುಟ್ಟಿ ಹಗುರವಾಗುತ್ತ ಹೋದರೆ ಅದಕ್ಕೆ ಕಾರಣ ಕೊಳ್ಳುವವರ ಕೊರತೆಯೊಂದೇ ಅಲ್ಲ.

ಆದರೂ ಕೈಚೆಲ್ಲಿ ಕೂರುವ ಕಾಲ ಇನ್ನೂ ಬಂದಿಲ್ಲ. ತಾರಸಿಯಿಲ್ಲದವರಿಗೆ ಹಳ್ಳಿಯ ಸ್ವಸಹಾಯ ಸಂಘಗಳ ಹೆಂಗಸರು ಹಪ್ಪಳ, ಉಪ್ಪಿನಕಾಯಿ, ಮುರುಗಲ ಸಿಪ್ಪೆಗಳನ್ನು ಮಾಡಿ ಮಾರುತ್ತಾರೆ. ದುಡಿದವರಿಗೆ ದುಡ್ಡೂ ದಕ್ಕುತ್ತದೆ. ಹಿತ್ತಿಲಿಲ್ಲದ ಮನೆಯ ಕುಂಡದಲ್ಲಿ ಒಂದೆಲಗವೂ ದೊಡ್ಡಪತ್ರೆಯೂ ಹುಲುಸಾಗಿ ಬೆಳೆಯುತ್ತವೆ. ನಗರದ ಆಯುರ್ವೇದ ಕಾಲೇಜುಗಳಲ್ಲಿ ಓದುವ ತರುಣ ತರುಣಿಯರಿಗೆ ಋತುಚರ್ಯೆ ಇಂದಿಗೂ ಪಾಠದ ವಿಷಯ. ಪಾಠದ ಸೊಪ್ಪು ಬೀದಿಯ ಬುಟ್ಟಿಯಲ್ಲಿರುವುದನ್ನು ಅವರು ನೋಡಿದರೆ ಗ್ರಂಥಕ್ಕೂ ನೆಲಕ್ಕೂ ಇರುವ ಹಳೆಯ ವ್ಯಾಜ್ಯ ಸ್ವಲ್ಪ ತಗ್ಗೀತು. ಮಧುಮೇಹವಿರುವವರು ಆಲೆಮನೆಯ ಕಾಲವೆಂದು ಜೋನಿಬೆಲ್ಲ ಉಣ್ಣಬೇಕಾಗಿಲ್ಲ. ಅಂಥವರು ತಮ್ಮ ವೈದ್ಯರ ಮಾತನ್ನೇ ಮೊದಲು ಕೇಳಬೇಕು. ಋತುಚರ್ಯೆ ಕಾಯಿಲೆಗೆ ಔಷಧವಲ್ಲ, ಆರೋಗ್ಯಕ್ಕೆ ಅಭ್ಯಾಸ. ಮಳೆಗಾಲದಲ್ಲಿ ನೀರನ್ನು ಕಾಯಿಸಿ ಕುಡಿಯಿರಿ, ಬಿಸಿಯಾದುದನ್ನೇ ಉಣ್ಣಿರಿ ಎಂಬ ಅದರ ಮಾತಿಗೆ ಇಂದಿನ ವೈದ್ಯರೂ ತಲೆದೂಗುತ್ತಾರೆ.

ಮತ್ತೆ ಆಷಾಢ ಬರುತ್ತದೆ. ಮತ್ತೆ ಪೊಲೀಸ್ ಚೌಕಿಯ ಬಳಿ ಗೋಣಿ ಹಾಸುತ್ತದೆ. ಪ್ಲಾಸ್ಟಿಕ್ ಹೊದಿಕೆಯಡಿ ಕೆಸುವಿನ ಸೂಡಿಗಳು ಕೂರುತ್ತವೆ. ಬಯಲುಸೀಮೆಯ ಆ ಗೃಹಿಣಿ ಈಗ ಹೊಸಬಳಲ್ಲ. ಸೂಡಿಯನ್ನು ಕೈಗೆತ್ತಿಕೊಂಡು ಎಲೆಯನ್ನು ತಿರುಗಿಸಿ, ದಂಟನ್ನು ನೋಡಿ, ಮರುಮಾತಿಲ್ಲದೆ ಚೀಲಕ್ಕೆ ಹಾಕುತ್ತಾಳೆ. ಪಕ್ಕದಲ್ಲಿ ಯಾರೋ ಹೊಸದಾಗಿ ಬಂದ ಹುಡುಗಿ ಅಳುಕುತ್ತ ನಿಂತಿದ್ದಾಳೆ. ಅಜ್ಜಿ ಬಾಯಿ ತೆರೆಯುವ ಮೊದಲೇ ಗೃಹಿಣಿ ಹೇಳುತ್ತಾಳೆ:

“ತಗೊಳ್ಳಿ, ಹೆದರ್ಬೇಡಿ. ಹುಳಿ ಮಾತ್ರ ಸಮಾ ಹಾಕಿ.”